ಜೈಸಲ್ಮೇರಿಗೆ ಹೋದ ಕಾಶಿಯಾತ್ರೆ

ಕೊಪ್ಪ, ಮದ್ದೂರು ತಾಲ್ಲೂಕು
12 ಸೆಪ್ಟೆಂಬರ್ 2025

ದೀಪಿಕಳಿಗೆ ಆಶೀರ್ವಾದಗಳು.

ಈ ಕಾಲದಲ್ಲಿ ಕಾಗದ ಬರೆಯುವ ಪುಣ್ಯಾತ್ಮ ಯಾರಪ್ಪ ಅಂತ ಲಕೋಟೆ ತಿರುಗಿಸಿ ನೋಡಿರುತ್ತೀಯ. ನಾನೇ, ಚಲುವರಾಜು. ಹೋದ ವರ್ಷದ ತನಕ ನಿನಗೆ ಮಾವನಾಗಿದ್ದವನು. ನಿನ್ನದೂ ನಮ್ಮ ಸ್ವರೂಪನದೂ ಮಂಡ್ಯ ಕೋರ್ಟಿನಲ್ಲಿ ಇತ್ಯರ್ಥವಾದ ದಿನ ಎರಡೂ ಕಡೆಯ ಹಿರಿಯರು ಕೂತು, ಇನ್ನು ಮುಂದೆ ಈ ಮನೆಯವರು ಆ ಮನೆಯವರಿಗೆ ಫೋನು ಮಾಡಕೂಡದು ಅಂತ ಮಾತು ತೆಗೆದುಕೊಂಡರಲ್ಲ, ಆ ಮಾತಿಗೆ ನಾನು ತಪ್ಪಿಲ್ಲ. ಕಾಗದ ಬರೆಯಕೂಡದು ಅಂತ ಯಾರೂ ಹೇಳಲಿಲ್ಲ. ಅವರಿಗೆ ಹೊಳೆದಿರಲಾರದು.

ಮೊನ್ನೆ ಡೇರಿಗೆ ಹಾಲು ಹಾಕಲು ಹೋದಾಗ ಪೇಪರಿನಲ್ಲಿ ನಿನ್ನ ಫೋಟೋ ನೋಡಿದೆ. ಫೆಬ್ರವರಿಯಲ್ಲಿ ರಾಜಸ್ಥಾನದ ಮರಳುಗಾಡಿನಲ್ಲಿ ನಡೆಯುವ ಮರುಧರ ಬೈಕ್ ರ‍್ಯಾಲಿಗೆ ಮಂಡ್ಯದ ಯುವತಿ ಅಂತ ಹಾಕಿದ್ದಾರೆ. ನೋಡಿ ನನಗೆ ಎಷ್ಟು ಸಂತೋಷವಾಯಿತು ಅಂದರೆ, ಹಾಲಿನ ಕ್ಯಾನು ಅಲ್ಲೇ ಬಿಟ್ಟು ಪೇಪರು ಹಿಡಿದುಕೊಂಡು ಮನೆಗೆ ಬಂದೆ. ನಿಮ್ಮತ್ತೆ ದೇವಿರಮ್ಮ ಬೈದಳು. ಕ್ಯಾನು ಎಲ್ಲಿ ಅಂತ ಬೈದಳೇ ಹೊರತು ಪೇಪರು ಯಾಕೆ ಅಂತ ಕೇಳಲಿಲ್ಲ. ಫೋಟೋ ಅವಳೂ ನೋಡಿದಳು.

ಜನವರಿ ಬಂತೆಂದರೆ ನಾವಿಬ್ಬರೂ ಪಡಸಾಲೆಯಲ್ಲಿ ನೀರಿನ ಚೊಂಬಿಗೆ ಮೊಬೈಲು ಒರಗಿಸಿಕೊಂಡು ಫಾರಿನ್ ಮರಳುಗಾಡಿನ ರ‍್ಯಾಲಿ ನೋಡುತ್ತಿದ್ದೆವು. "ಮಾವ ಸೊಸೆ ಇಬ್ರೂ ಮರಳು ನೋಡ್ಕಂಡು ಕೂತವ್ರೆ, ಇಲ್ಲಿ ಎಮ್ಮೆ ಬಾಯಿ ಬಡ್ಕತಾ ಐತೆ" ಅಂತ ನಿಮ್ಮತ್ತೆ ಕೂಗುತ್ತಿದ್ದಳು. ಈ ಜನವರಿಯಲ್ಲಿ ನಾನೊಬ್ಬನೇ ಕೂತು ನೋಡಿದೆ. ಒಬ್ಬನೇ ನೋಡಿದರೆ ಬರೀ ಗಾಡಿ ಓಡುವುದು ಕಾಣುತ್ತದೆ. ಇವನು ಬಲಕ್ಕೆ ಹೋಗಿದ್ದು ತಪ್ಪು ಅಂದರೆ, ಅಲ್ಲ ಮಾವ ಸರಿ ಅನ್ನುವವರು ಬೇಕಲ್ಲ.

ನಿನಗೆ ಯಾವ ನಂಬರು ಕೊಟ್ಟಿದ್ದಾರೆ? ಅಷ್ಟು ಗೊತ್ತಾದರೆ ಸಾಕು.

ಇಂತಿ,
ಚಲುವರಾಜು

*

ಮಂಡ್ಯ
3 ಅಕ್ಟೋಬರ್ 2025

ಚಲುವರಾಜು ಅವರಿಗೆ ನಮಸ್ಕಾರ.

ನಿಮ್ಮ ಕಾಗದ ನಮ್ಮ ಡ್ರೈವಿಂಗ್ ಸ್ಕೂಲಿನ ವಿಳಾಸಕ್ಕೆ ಬಂತು. ಸ್ಕೂಟರ್ ಕಲಿಯಲು ಬರುವ ಹೆಂಗಸರೆಲ್ಲ ಸೇರಿ ಯಾರದು, ಯಾರದು ಅಂತ ಕೇಳಿದರು. ಪರಿಚಯದವರದು ಅಂದೆ.

ನಾನು ಚೆನ್ನಾಗಿದ್ದೇನೆ. ಬೆಳಿಗ್ಗೆ ಕೆಲಸ, ಸಂಜೆ ಅಭ್ಯಾಸ. ನೀವು ಇನ್ನು ಬರೆಯದಿದ್ದರೆ ಒಳ್ಳೆಯದು. ಕೋಪದಿಂದ ಹೇಳುತ್ತಿಲ್ಲ. ಸ್ವರೂಪನಿಗೆ ಹೆಣ್ಣು ಗೊತ್ತಾಗಿದೆ ಅಂತ ಮಳವಳ್ಳಿಯಲ್ಲಿ ಅಮ್ಮನ ಕಿವಿಗೆ ಬಿದ್ದಿದೆ. ನನಗೆ ಅದರಿಂದ ಬೇಜಾರಿಲ್ಲ, ನಿಜವಾಗಿ. ನಾವಿಬ್ಬರೂ ಕೆಟ್ಟವರಲ್ಲ, ಹೊಂದಲಿಲ್ಲ ಅಷ್ಟೇ. ಆದರೆ ಹೊಸದಾಗಿ ಬರುವ ಹುಡುಗಿಯ ಜಾಗದಲ್ಲಿ ನಿಂತು ಯೋಚನೆ ಮಾಡಿ. ಮಾವ ಅನ್ನಿಸಿಕೊಂಡವರು ಹಳೇ ಸೊಸೆಗೆ ಕಾಗದ ಬರೆಯುತ್ತಾರೆ ಅಂತ ಗೊತ್ತಾದರೆ ಅವಳಿಗೆ ಹೇಗಾಗಬೇಡ? ಅಮ್ಮ ಇನ್ನೂ ಖಾರವಾಗಿ ಹೇಳಿದಳು: "ಅರಿದೋಯ್ತು ಅಂದ್ಮೇಲೆ ಅರಿದೋಯ್ತು ಕಣೆ. ದಾರ ಹಿಡ್ಕಂಡು ನೇತಾಡಬ್ಯಾಡ."

ಸಂಬಂಧ ಮುಗಿದಿದೆ. ನೀವು ನನಗೆ ಚೆನ್ನಾಗಿಯೇ ನಡೆದುಕೊಂಡಿರಿ, ಅದನ್ನು ಮರೆಯುವುದಿಲ್ಲ.

ನಂಬರು ನಲವತ್ತೇಳು.

ದೀಪಿಕ

*

ಕೊಪ್ಪ
20 ಅಕ್ಟೋಬರ್ 2025

ಸ್ಪರ್ಧಿ ಸಂಖ್ಯೆ ನಲವತ್ತೇಳು, ಇವರಿಗೆ,

ಸಂಬಂಧ ಮುಗಿದಿದೆ ಅಂದಿರಿ, ಒಪ್ಪಿದೆ. ಈ ಕಾಗದವನ್ನು ಮಾವ ಬರೆದಿಲ್ಲ, ಒಬ್ಬ ಅಭಿಮಾನಿ ಬರೆದಿದ್ದಾನೆ. ಅಭಿಮಾನಿ ಅಂದರೇನೇ ಯಾವ ಸಂಬಂಧವೂ ಇಲ್ಲದವನು. ಅವನು ದುಡ್ಡು ಕೇಳುವುದಿಲ್ಲ, ಮನೆಗೆ ಬಂದು ಊಟಕ್ಕೆ ಕೂರುವುದಿಲ್ಲ, ಬೇಲಿ ಆಚೆ ನಿಂತು ಧೂಳು ಕುಡಿದು ಹೋಗುತ್ತಾನೆ. ಅವನಿಗೆ ಬೇಡ ಅನ್ನುವ ಹಕ್ಕು ನಿಮ್ಮಮ್ಮ ವನಜಮ್ಮನಿಗೂ ಇಲ್ಲ, ಹಿರಿಯರಿಗೂ ಇಲ್ಲ.

ನನಗೆ ಈ ಹುಚ್ಚು ಹೈಸ್ಕೂಲಿನಲ್ಲಿ ಹಿಡಿಯಿತು. ಹಲಗೂರಿನ ಆಚೆ ಕಾಡುದಾರಿಯಲ್ಲಿ ಕಾರಿನ ರ‍್ಯಾಲಿ ಬರುತ್ತದೆ ಅಂತ ಯಾರೋ ಹೇಳಿದರು. ಸೈಕಲ್ ತುಳಿದುಕೊಂಡು ಹೋಗಿ ಬಂಡೆಯ ಮೇಲೆ ಕೂತೆ. ಮಧ್ಯಾಹ್ನದವರೆಗೂ ಒಂದು ನರಪಿಳ್ಳೆಯೂ ಇಲ್ಲ. ಆಮೇಲೆ ದೂರದಲ್ಲಿ ಒಂದು ಸದ್ದು, ಮರಗಳ ಮೇಲೆ ಕೆಂಪು ಧೂಳು. ಬಂತು, ಹೋಯಿತು. ನೋಡಿದ್ದೇನು ಅಂತ ಕೇಳಿದರೆ ಹೇಳಲು ಏನೂ ಇಲ್ಲ. ಅಷ್ಟು ದೂರದಿಂದ ಒಬ್ಬ ಮನುಷ್ಯ ಒಂದು ಗಾಡಿ ನಂಬಿಕೊಂಡು ಬಂದು ನನ್ನ ಮುಂದೆಯೇ ಹಾದುಹೋದನಲ್ಲ, ಅದೇ ಸಾಕಾಗಿತ್ತು. ಮನೆಯಲ್ಲಿ ಏಟು ಬಿತ್ತು, ಅದು ಬೇರೆ ಮಾತು.

ನನ್ನ ಮಗನಿಗೆ ಇದರ ಗಂಧವೇ ಹತ್ತಲಿಲ್ಲ. ಬೈಕಿಗೆ ಪೆಟ್ರೋಲು ಹಾಕಿಸುವುದೂ ಅವನಿಗೆ ತಲೆನೋವು. ನೀವು ಮದುವೆಯಾಗಿ ಬಂದ ಹೊಸದರಲ್ಲಿ, ಎರಡು ಕಡೆ ಹಾಲಿನ ಕ್ಯಾನು ಕಟ್ಟಿಕೊಂಡು ನಾಲೆ ಏರಿಯ ಮೇಲೆ ನನ್ನ ಹಳೇ ಬೈಕು ಓಡಿಸಿದ್ದನ್ನು ನೋಡಿದೆ. ಮಳೆ ಬಂದು ಏರಿ ಕೆಸರಾಗಿತ್ತು. ಹಿಂದಿನ ಚಕ್ರ ಜಾರಿದರೂ ನೀವು ಕಾಲು ಕೆಳಗೆ ಇಡಲಿಲ್ಲ. ಅವತ್ತೇ ನಾನು ನಿಮ್ಮ ಅಭಿಮಾನಿಯಾದೆ. ಮಾವನಾಗಿದ್ದು ಶಾಸ್ತ್ರಕ್ಕೆ.

ಉತ್ತರ ಬೇಡ.

ಇಂತಿ,
ಬೇಲಿ ಆಚೆಯವನು

*

ಮಂಡ್ಯ
9 ಜನವರಿ 2026

ಮಾವನವರಿಗೆ,

ಬೇರೆ ಏನು ಬರೆದರೂ ಕೈ ತಡೆಯುತ್ತದೆ, ಹೀಗೇ ಇರಲಿ. ಅಕ್ಟೋಬರಿನಿಂದ ನೀವು ಬರೆದ ಕಾಗದಗಳೆಲ್ಲ ಬಂದವು. ನಲವತ್ತೇಳನೆಯ ಸ್ಪರ್ಧಿಯವರು ರಾಗಿ ಗಂಜಿ ಕುಡಿಯಬೇಕು, ನಲವತ್ತೇಳನೆಯ ಸ್ಪರ್ಧಿಯವರು ಸೊಂಟಕ್ಕೆ ಪಟ್ಟಿ ಕಟ್ಟಬೇಕು ಅಂತ ಬರೆಯುವ ಅಭಿಮಾನಿಯನ್ನು ನಾನು ಎಲ್ಲೂ ಕಂಡಿಲ್ಲ. ಓದಿ ನಗು ಬಂತು. ಉತ್ತರ ಬರೆಯಬಾರದು ಅಂತಲೇ ಇದ್ದೆ, ಆದರೆ ಇವತ್ತು ಯಾರಿಗಾದರೂ ಹೇಳಿಕೊಳ್ಳಬೇಕು ಅನ್ನಿಸಿದೆ. ಈ ವಿಷಯ ಅರ್ಥವಾಗುವವರು ನೀವೊಬ್ಬರೇ.

ಮಾವ, ನನಗೆ ಭಯವಾಗಿದೆ. ಮರಳು ಹೇಗಿರುತ್ತದೆ ಅಂತ ನಮ್ಮ ಕಡೆ ಕಲಿಯುವುದೆಲ್ಲಿ? ಶಿಂಷಾ ಹೊಳೆಯ ಮರಳಿನಲ್ಲಿ ಭಾನುವಾರ ಭಾನುವಾರ ಓಡಿಸುತ್ತಿದ್ದೇನೆ. ಮೊನ್ನೆ ಬಿದ್ದು ಭುಜ ಊದಿಕೊಂಡಿದೆ, ಮೂಳೆಗೇನೂ ಆಗಿಲ್ಲ. ಅಮ್ಮನಿಗೆ ಮೆಟ್ಟಿಲಲ್ಲಿ ಜಾರಿದೆ ಅಂತ ಹೇಳಿದ್ದೇನೆ. ಅಲ್ಲಿ ದಾರಿ ಹೇಳುವ ಫೋನು ಇಟ್ಟುಕೊಳ್ಳುವ ಹಾಗಿಲ್ಲ. ಹ್ಯಾಂಡಲಿನ ಮೇಲೆ ಕಾಗದದ ಸುರುಳಿ ಇರುತ್ತದೆ, ಇಷ್ಟು ದೂರಕ್ಕೆ ಒಣ ಮರ, ಅಲ್ಲಿ ಬಲಕ್ಕೆ, ಇಷ್ಟು ದೂರಕ್ಕೆ ಗುಂಡಿ ಅಂತ. ಓಡಿಸುತ್ತಾ ಅದನ್ನು ಓದಬೇಕು.

ಗಾಡಿ ನನ್ನದಲ್ಲ, ಒಂದು ತರಬೇತಿ ಶಾಲೆಯವರು ಈ ಒಂದು ಸಲಕ್ಕೆ ಕೊಟ್ಟಿದ್ದಾರೆ. ಮೊದಲ ಸಲ ಬಂದವರಲ್ಲಿ ಮೊದಲ ಮೂರು ಸ್ಥಾನದೊಳಗೆ ಬಂದರೆ ಮುಂದಿನ ವರ್ಷಕ್ಕೆ ಕಂಪನಿಯೇ ಬೈಕು ಕೊಡುತ್ತದೆ, ಜೊತೆಗೆ ಮೆಕ್ಯಾನಿಕ್ಕು. ಬರದಿದ್ದರೆ ಇದೇ ಮೊದಲು, ಇದೇ ಕೊನೆ. ಮತ್ತೆ ಸ್ಕೂಟರ್ ಕಲಿಸಿಕೊಂಡು ಇರಬೇಕು. ಆ ಕೆಲಸ ಕೀಳು ಅಂತಲ್ಲ. ಆದರೆ ಮಾವ, ನನಗೆ ಇದು ಬೇಕು. ತುಂಬಾ ಬೇಕು. ಇಷ್ಟು ಬೇಕು ಅಂತ ಬೇರೆ ಯಾರ ಹತ್ತಿರವೂ ಹೇಳಿಲ್ಲ.

ಮೊಬೈಲಿನಲ್ಲಿ ನಕ್ಷೆಯ ಮೇಲೆ ಪ್ರತಿ ಸವಾರನ ಚುಕ್ಕೆ ಓಡುವುದು ಕಾಣುತ್ತದೆ. ಅದರ ವಿಳಾಸ ಇನ್ನೊಂದು ಹಾಳೆಯಲ್ಲಿ ಬರೆದಿದ್ದೇನೆ. ಮನೆಯಲ್ಲೇ ಕೂತು ನೋಡಿ. ದಯವಿಟ್ಟು ಅಲ್ಲಿಗೆ ಬರಬೇಡಿ. ನಿಮ್ಮನ್ನು ನಾನು ಬಲ್ಲೆ. ನೀವು ಎದುರಿಗೆ ಕಂಡರೆ ನನಗೆ ಗಾಡಿ ನಿಲ್ಲಿಸುವ ಮನಸ್ಸಾಗುತ್ತದೆ.

ದೀಪಿಕ

*

ಕೊಪ್ಪ
28 ಜನವರಿ 2026

ದೀಪಿಕ,

ಬರುವುದಿಲ್ಲ. ಮಾತು ಕೊಟ್ಟೆ.

ಅಲ್ಲದೆ ಫೆಬ್ರವರಿಯಲ್ಲಿ ನಾನು ಊರಿನಲ್ಲೇ ಇರುವುದಿಲ್ಲ, ಕಾಶಿಗೆ ಹೊರಟಿದ್ದೇನೆ. ವಯಸ್ಸಾಯಿತು, ಒಂದು ಸಲ ಹೋಗಿ ಬರೋಣ ಅಂತ. ದೇವಿರಮ್ಮನಿಗೆ ಮಂಡಿನೋವು, ಬರುವುದಿಲ್ಲ ಅಂದಳು. ಚುಕ್ಕೆಯನ್ನು ಕಾಶಿಯಿಂದಲೇ ನೋಡುತ್ತೇನೆ, ಅಲ್ಲೂ ಸಿಗ್ನಲ್ಲು ಇರುತ್ತದೆ.

ಭಯವಾಗುವುದು ಒಳ್ಳೆಯದು. ಭಯ ಇಲ್ಲದವರು ಎರಡನೇ ದಿನವೇ ಆಂಬ್ಯುಲೆನ್ಸ್ ಹತ್ತುವುದನ್ನು ನಾವಿಬ್ಬರೂ ಎಷ್ಟು ಸಲ ನೋಡಿದ್ದೇವೆ. ಭುಜಕ್ಕೆ ಬಿಸಿನೀರು ಹಾಕು.

ಚಲುವರಾಜು

*

ಕೊಪ್ಪ
24 ಫೆಬ್ರವರಿ 2026

ದೀಪಿಕ,

ಬೈಯುವುದಿದ್ದರೆ ಬೈದುಬಿಡು. ಕಾಶಿ ಅಂತ ಹೇಳಿ ನಾನು ಜೈಸಲ್ಮೇರಿಗೆ ಯಾಕೆ ಬಂದೆ ಅಂದರೆ, ಬರದೆ ಇರಲು ಆಗಲಿಲ್ಲ. ನಿನಗೆ ಮುಖ ತೋರಿಸಬಾರದು, ದೂರದಲ್ಲಿ ನಿಂತು ನೋಡಿ ವಾಪಸು ಬರಬೇಕು ಅಂತಲೇ ಬಂದಿದ್ದು. ರೈಲಿನಲ್ಲಿ ಹಾಸಿಕೊಳ್ಳಲು ತಂದಿದ್ದ ಜಮಖಾನ ಹೆಗಲ ಮೇಲೆ ಹಾಕಿಕೊಂಡು, ಅಲ್ಲಿನ ಹಳ್ಳಿಯವರ ಜೊತೆ ಜೀಪಿನಲ್ಲಿ ಬಂದು ಮರಳುದಿಬ್ಬದ ಪಕ್ಕದ ಹಗ್ಗದ ಆಚೆ ನಿಂತೆ. ಮೊದಲು ಬಂದವರಿಗೆಲ್ಲ ಚಪ್ಪಾಳೆ ತಟ್ಟಿದೆ. ಎಷ್ಟು ಚೆನ್ನಾಗಿತ್ತು ಗೊತ್ತಾ! ಟೀವಿಯಲ್ಲಿ ಆ ಸದ್ದು ಹೊಟ್ಟೆಗೆ ಬಡಿಯುವುದಿಲ್ಲ.

ಆಮೇಲೆ ನೀನು ಬಂದೆ. ದಿಬ್ಬ ಹತ್ತಿ ಇಳಿಯುವಾಗ ಎಡಕ್ಕೆ ತಿರುಗಿದೆ, ಗಾಡಿ ಅರ್ಧ ಚಕ್ರ ಹೂತುಹೋಯಿತು. ಅಲ್ಲಿದ್ದ ಗಂಡಸರು ಹೆಂಗಸು ಅಂತ ಸಂಕೋಚಪಟ್ಟು ಹಿಂದೆ ನಿಂತರು. ನೀನು ಸಿಟ್ಟಿನಲ್ಲಿ ಆಕ್ಸಿಲರೇಟರ್ ಕೊಟ್ಟಷ್ಟೂ ಅದು ಇಳಿಯಿತು. ನನ್ನ ಕಾಲು ನನ್ನ ಮಾತು ಕೇಳಲಿಲ್ಲ. ಹಗ್ಗ ದಾಟಿ ಓಡಿ ಬಂದೆ.

"ಆಕ್ಸಲೇಟ್ರು ಬುಡವ್ವ, ಗುಂಡಿ ತೋಡ್ತಾ ಇದ್ದೀಯ!" ಅಂತ ಕೂಗಿದೆ. ನೀನು ತಿರುಗಿ ನೋಡಿದೆ. ನೀನು ಬೈಯುತ್ತೀಯ ಅಂದುಕೊಂಡೆ. ನೀನೋ, ನಮ್ಮ ನಾಲೆ ಏರಿಯ ಮೇಲೆ ಇದ್ದೀವಿ ಅನ್ನುವ ಹಾಗೆ, "ಮಾವ, ಹಿಂದುಗಡೆ ಹಿಡ್ಕಳಿ" ಅಂದೆ. ಕಬ್ಬು ತುಂಬಿದ ಟ್ರ್ಯಾಕ್ಟರು ಗದ್ದೆಯಲ್ಲಿ ಹೂತಾಗ ಚಕ್ರದ ಕೆಳಗೆ ಕಬ್ಬಿನ ತರಗು ಹಾಸುತ್ತೇವಲ್ಲ, ಇಲ್ಲಿ ತರಗು ಎಲ್ಲಿ ತರುವುದು, ಜಮಖಾನ ಹಾಸಿದೆ. ಗಾಡಿ ಎದ್ದು ಹೋಯಿತು. ಜಮಖಾನ ಚಿಂದಿಯಾಯಿತು. ನಾನು ಮರಳಲ್ಲಿ ಕೂತು ನಕ್ಕೆ. ನನ್ನ ಜನ್ಮದಲ್ಲಿ ಅಷ್ಟು ಸಂತೋಷ ಯಾವತ್ತೂ ಪಟ್ಟಿರಲಿಲ್ಲ.

ನೋಡಲು ಬಂದವರು ಗಾಡಿ ಎತ್ತಿಕೊಡುವುದನ್ನು ನಾವು ಎಷ್ಟೋ ಸಲ ನೋಡಿದ್ದೆವು. ಅದರಲ್ಲಿ ತಪ್ಪಿದೆ ಅಂತ ನನಗೆ ಗೊತ್ತಿರಲಿಲ್ಲ, ನಿನ್ನಾಣೆ. ಹಿಂದೆಯೇ ಕೋಟು ಹಾಕಿದ ಅಧಿಕಾರಿಯೊಬ್ಬ ಬಂದ. ಬೆಂಗಳೂರಿನಲ್ಲಿ ಕೆಲಸ ಮಾಡಿದ್ದ ಒಬ್ಬ ಹುಡುಗ ಕನ್ನಡದಲ್ಲಿ ತಿಳಿಸಿ ಹೇಳಿದ: ದಾರಿಹೋಕರು ಎತ್ತಿದರೆ ತೊಂದರೆ ಇಲ್ಲ. ಸವಾರನ ಸ್ವಂತದವರು ಮುಟ್ಟಿದರೆ ಪಟ್ಟಿಯಿಂದ ಹೆಸರು ತೆಗೆಯುತ್ತಾರೆ. ನೀವು ಆಕೆಗೆ ಏನಾಗಬೇಕು?

"ಮಾಲೂಮ್ ನಹಿ" ಅಂದೆ. ಮತ್ತೆ ಕೇಳಿದ. ಕರ್ನಾಟಕದಿಂದ ರ‍್ಯಾಲಿ ನೋಡಲು ಬಂದವನು, ಆಕೆ ಯಾರೋ ಗೊತ್ತಿಲ್ಲ, ಹೆಸರೂ ಗೊತ್ತಿಲ್ಲ ಅಂದೆ. ಕೋರ್ಟಿನ ಲೆಕ್ಕದಲ್ಲಿ ಅದು ಸುಳ್ಳಲ್ಲವಲ್ಲ ಅಂತ ಧೈರ್ಯ ತಂದುಕೊಂಡೆ. ಆದರೂ ನೀನು ಮನೆ ಬಿಟ್ಟು ಹೋದ ದಿನ ಕೂಡ ನನಗೆ ಅಷ್ಟು ಸಂಕಟವಾಗಿರಲಿಲ್ಲ.

ಊರಿಗೆ ಬಂದ ಮೇಲೆ ಇನ್ನೊಂದು ಫಜೀತಿ. ಕಾಶಿಗೆ ಹೋಗಿ ಬಂದವನು ಅಂತ ಬೀದಿಯವರೆಲ್ಲ ಗಂಗೆ ನೀರಿಗೂ ಕಾಶಿ ದಾರಕ್ಕೂ ಬಂದು ನಿಂತರು. ಪಕ್ಕದ ಮನೆ ಚಿಕ್ಕಣ್ಣ ಚೊಂಬನ್ನೇ ತಂದಿದ್ದ. ಅಷ್ಟು ಹೊತ್ತಿಗೆ ದೇವಿರಮ್ಮ ನನ್ನ ಟವೆಲ್ಲು ಕೊಡವಿದಳು. ಅಂಗಳದ ತುಂಬ ಮರಳು. "ಕಾಸೀಲಿ ಇಷ್ಟೊಂದ್ ಮಳ್ಳು ಯಾವಾಗ್ ಬಂತು?" ಅಂದಳು. ಎಲ್ಲ ಹೇಳಿಬಿಟ್ಟೆ, ಚಿಕ್ಕಣ್ಣನ ಎದುರಿಗೇ. ದೇವಿರಮ್ಮ ಎರಡು ದಿನ ಬಿಟ್ಟು ಹಾಲು ಕರೆಯುತ್ತಾ, ನನ್ನ ಕಡೆ ನೋಡದೆ, "ಅದ್ಸರಿ, ಗೆದ್ಲಾ ಅವ್ಳು?" ಅಂದಳು.

ಅದನ್ನು ನೀನೇ ಹೇಳಬೇಕು. ವಾಪಸು ಬರುವಾಗ ರೈಲಿನಲ್ಲಿ ನಿನ್ನ ಚುಕ್ಕೆ ಕೊನೆಯ ತನಕ ಹೋಗಿದ್ದು ನೋಡಿದೆ. ಹೊಸಬರಲ್ಲಿ ನೀನು ಮೂರನೆಯವಳು ಅಂತ ನಾನೇ ಲೆಕ್ಕ ಹಾಕಿ ಎದುರಿಗಿದ್ದವರಿಗೆಲ್ಲ ಕಡಲೆಕಾಯಿ ಹಂಚಿದೆ. ಆದರೆ ಫಲಿತಾಂಶದಲ್ಲಿ ನಲವತ್ತಾರು ಇದೆ, ನಲವತ್ತೆಂಟು ಇದೆ. ನಿನ್ನ ಹೆಸರಿಲ್ಲ. ಗೊತ್ತಿಲ್ಲ ಅಂತ ಅಷ್ಟು ಗಟ್ಟಿಯಾಗಿ ಹೇಳಿ ಬಂದಿದ್ದೆನಲ್ಲ, ಅವರು ನಂಬಲಿಲ್ಲವೇ? ನನ್ನಿಂದ ನಿನ್ನ ಬೈಕು ಹೋಯಿತೇ? ಅದೊಂದು ಹೇಳು. ಇನ್ನೇನೂ ಕೇಳುವುದಿಲ್ಲ.

ಚಲುವರಾಜು

*

ಮಂಡ್ಯ
8 ಮಾರ್ಚ್ 2026

ಮಾವ,

ತಡವಾಗಿ ಬರೆಯುತ್ತಿದ್ದೇನೆ. ಮೊದಲು ಸಿಟ್ಟು ಇಳಿಯಬೇಕಿತ್ತು. ಸಿಟ್ಟಿನಲ್ಲಿ ಎರಡು ಸಲ ಬರೆದು ಹರಿದೆ.

ಅತ್ತೆಗೆ ಹೇಳಿ, ಗೆಲ್ಲಲಿಲ್ಲ. ಬೈಕು ಇಲ್ಲ, ಮೆಕ್ಯಾನಿಕ್ಕೂ ಇಲ್ಲ. ನಾಳೆಯಿಂದ ಸ್ಕೂಟರ್ ಕ್ಲಾಸು. ಆದರೆ ಕೊನೆಯ ತನಕ ಓಡಿಸಿದೆ. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೂ ಓಡಿಸಬಹುದು ಅಂದರು. ಕೊನೆಯ ದಿನ ಗಾಡಿ ಇಳಿದಾಗ ಕೈಬೆರಳು ಬಿಡಿಸಲು ಇನ್ನೊಬ್ಬರು ಬರಬೇಕಾಯಿತು. ಸ್ವರೂಪನ ಮದುವೆ ಚೆನ್ನಾಗಿ ಆಗಲಿ. ನಾನು ಬರುವುದಿಲ್ಲ, ಅದು ಸರಿ ಹೋಗುವುದಿಲ್ಲ. ಈ ಕಾಗದವನ್ನು ಬಚ್ಚಿಡಬೇಡಿ, ಬರುವ ಹುಡುಗಿ ಓದಿದರೆ ಓದಲಿ. ಇದರಲ್ಲಿ ಅವಳು ಹೆದರುವಂಥದ್ದು ಏನೂ ಇಲ್ಲ.

ಈಗ ನೀವು ಕೇಳಿದ್ದು. ಅವರು ನಿಮ್ಮ ಮಾತನ್ನು ಪೂರ್ತಿ ನಂಬಿದ್ದರು. ಸಂಜೆ ಕ್ಯಾಂಪಿನಲ್ಲಿ ಮುಖ್ಯ ಅಧಿಕಾರಿ ನನ್ನನ್ನು ಕರೆಸಿದರು. ವಯಸ್ಸಾದವರು, ಒಳ್ಳೆಯವರು. ಇಬ್ಬರೂ ಒಂದೇ ಭಾಷೆ ಮಾತಾಡಿದ್ದು ಕೇಳಿ ಹಿಂದೆ ಬಂದ ಸವಾರನೊಬ್ಬ ದೂರು ಕೊಟ್ಟಿದ್ದಾನೆ, ಆ ಮುದುಕರನ್ನು ಕೇಳಿದೆವು, ನಿಮ್ಮ ಹೆಸರೂ ಗೊತ್ತಿಲ್ಲ ಅಂದರು, ನೀವೂ ಹಾಗೆ ಹೇಳಿದರೆ ವಿಷಯ ಮುಗಿಯಿತು ಅಂದರು.

ನನ್ನ ಹೆಸರೂ ಗೊತ್ತಿಲ್ಲ ಅಂದಿರಂತೆ. ನೀವು ಯಾಕೆ ಹಾಗೆ ಹೇಳಿದಿರಿ ಅಂತ ಅದೇ ಗಳಿಗೆಯಲ್ಲಿ ನನಗೆ ಗೊತ್ತಾಯಿತು. ಗೊತ್ತಾಗಿಯೂ ಅಳು ಬಂತು. ಕಣ್ಣಿಗೆ ಮರಳು ಬಿದ್ದಿದೆ ಅಂದುಕೊಂಡು ಅವರು ನೀರಿನ ಬಾಟಲಿ ಕೊಟ್ಟರು. ನಾನು ಮುಖ ತೊಳೆದುಕೊಂಡು, "ಅವರು ನಮ್ಮ ಮಾವ" ಅಂದುಬಿಟ್ಟೆ.

ಗಂಡನ ತಂದೆಯೇ ಅಂತ ಕೇಳಿದರು. ಹೌದು, ಆದರೆ ಡೈವೋರ್ಸ್ ಆಗಿ ವರ್ಷದ ಮೇಲಾಯಿತು ಅಂದೆ. ಅವರ ಮುಖ ಅರಳಿತು. ಹಾಗಾದರೆ ನಿಯಮದ ಪ್ರಕಾರ ಅವರು ನಿಮ್ಮ ಸ್ವಂತದವರಲ್ಲ, ಈ ಮನುಷ್ಯನಿಗೂ ನನಗೂ ಯಾವ ಸಂಬಂಧವೂ ಇಲ್ಲ ಅಂತ ಒಂದು ಸಾಲು ಬರೆದು ಸಹಿ ಹಾಕಿ, ಹೊಸಬರಲ್ಲಿ ನಿಮಗೆ ಈಗಿರುವ ಮೂರನೇ ಸ್ಥಾನಕ್ಕೆ ಏನೂ ಆಗುವುದಿಲ್ಲ ಅಂತ ಬಿಳಿ ಹಾಳೆ ಕೊಟ್ಟರು. ಬೆಳಿಗ್ಗೆಯವರೆಗೆ ಟೈಮು ಇತ್ತು. ಟೆಂಟಿನಲ್ಲಿ ಜೊತೆಗಿದ್ದ ಬೆಂಗಳೂರಿನ ಸ್ಪರ್ಧಿ ಶುಭಾ, "ಬರ್ದು ಕೊಡೇ, ಸುಳ್ಳೇನಲ್ವಲ್ಲ" ಅಂದಳು. ನಿಜ, ಸುಳ್ಳಲ್ಲ. ಬರೆಯೋಣ ಅಂತಲೇ ಪೆನ್ನು ತೆಗೆದೆ ಮಾವ, ನಿಮ್ಮ ಹತ್ತಿರ ಮುಚ್ಚಿಡುವುದಿಲ್ಲ. ಆ ಬೈಕು ನನಗೆ ಅಷ್ಟು ಬೇಕಾಗಿತ್ತು.

ಸ್ವರೂಪನಿಗೂ ನನಗೂ ಸಂಬಂಧವಿಲ್ಲ ಅಂತ ಮಂಡ್ಯದಲ್ಲಿ ಜಡ್ಜ್ ಎದುರಿಗೆ ಹಿಂದೆಮುಂದೆ ನೋಡದೆ ಸಹಿ ಹಾಕಿದವಳು ನಾನು. ನಿಮ್ಮ ಹೆಸರು ಬರೆದೆ, "ಚಲುವರಾಜು ಅವರಿಗೂ ನನಗೂ" ಅನ್ನುವ ತನಕ ಬರೆದೆ. ಮುಂದಕ್ಕೆ ಬರೆಯಲು ಆಗಲಿಲ್ಲ. ಬೆಳಿಗ್ಗೆ ಹಾಳೆಯನ್ನು ಅಷ್ಟಕ್ಕೇ ವಾಪಸು ಕೊಟ್ಟು ಗಾಡಿ ಸ್ಟಾರ್ಟ್ ಮಾಡಿದೆ.

ದೀಪಿಕ